ಪ್ರಸ್ಥಭೂಮಿಯ ಗಾಳಿಯೂ ಪ್ರೊಪೆಲ್ಲರಿನ ಆಯ್ಕೆಯೂ

ಪ್ರೊಪೆಲ್ಲರು ಗಾಳಿಯನ್ನು ಕೊರೆಯುವ ತಿರುಪಲ್ಲ, ತಿರುಗುವ ರೆಕ್ಕೆ ಎಂಬುದನ್ನು ರೈಟ್ ಸಹೋದರರು 1903ರ ಹಾರಾಟಕ್ಕೆ ಮೊದಲೇ ಮನಗಂಡಿದ್ದರು. ಆದರೆ ಲಘುವಿಮಾನವೊಂದಕ್ಕೆ ಯಾವ ಪ್ರೊಪೆಲ್ಲರು ಸಲ್ಲುವುದೆಂಬುದನ್ನು ಎಂಜಿನಿನೊಡನೆ ನೆಲದ ಎತ್ತರವೂ ನಿರ್ಣಯಿಸುತ್ತದೆ.

ಬೆಂಗಳೂರಿನಿಂದ ಮೂಡಲಿಗೆ ಮಾಲೂರು, ಕೋಲಾರ, ಶ್ರೀನಿವಾಸಪುರ, ಮುಳಬಾಗಿಲುಗಳವರೆಗೆ ಹಬ್ಬಿರುವ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಎತ್ತರದ್ದು. 1951ರಲ್ಲಿ ‘ಎಚ್‌ಟಿ-2’ ಮೊದಲು ಹಾರಿದ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ನಿಲ್ದಾಣದ ಎತ್ತರ 888 ಮೀಟರ್. ಅಲ್ಲಿ ಗಾಳಿಯ ಸಾಂದ್ರತೆ ಕಡಲತೀರದಲ್ಲಿರುವುದಕ್ಕಿಂತ ಶೇಕಡ 8ರಷ್ಟು ಕಡಿಮೆ. 35 ಡಿಗ್ರಿಯ ಬೇಸಗೆಯಲ್ಲಿ ಶೇಕಡ 16ರಷ್ಟು.

1958ರಲ್ಲಿ ಹಾರಿದ ‘ಪುಷ್ಪಕ’ಕ್ಕೆ 90 ಅಶ್ವಶಕ್ತಿಯ ಎಂಜಿನು, ಅಲಗಿನ ಕೋನ ಬದಲಾಗದ ಪ್ರೊಪೆಲ್ಲರು. ಇಂಥದರಲ್ಲಿ ರಾಜಿಯೇ ಗತಿ: ಕೋನ ಕಿರಿದಾದರೆ ಏರುವಾಗ ಎಂಜಿನು ಬೇಗ ತಿರುಗಿ ಬಲವೀಯುತ್ತದೆ, ಸಮಹಾರಾಟದಲ್ಲಿ ವೇಗ ಸಾಲದು; ಹಿರಿದಾದರೆ ಇದರ ವಿಪರ್ಯಯ. ವಿದ್ಯಾರ್ಥಿಗಳು ದಿನವಿಡೀ ಏರಿ ಇಳಿಯುವ ಫ್ಲೈಯಿಂಗ್ ಕ್ಲಬ್ಬಿನ ವಿಮಾನಕ್ಕೆ ಮೊದಲನೆಯದೇ ಲೇಸೆಂದು ನನ್ನ ಮತ.

1987ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಹಾರಿಸಿದ ಲಘು ಸಂಶೋಧನ ವಿಮಾನವು, ಮನೆಯಲ್ಲೇ ಕಟ್ಟುವವರಿಗಾಗಿ ಬರ್ಟ್ ರುಟಾನ್ ರಚಿಸಿದ ‘ಲಾಂಗ್-ಈಜಿ’ಯನ್ನು ಅನುಸರಿಸಿತು. ಅದರ ಪ್ರೊಪೆಲ್ಲರು ಹಿಂದುಗಡೆ. ರೆಕ್ಕೆ ಕದಡಿದ ಗಾಳಿಯೂ ಚಕ್ರ ಚಿಮ್ಮಿಸಿದ ಕಲ್ಲೂ ಅದರ ಪಾಲಿಗೆ. ಮುಂದೆ ‘ಹಂಸ-3’ ಹಾರಾಟದಲ್ಲೇ ಕೋನ ಬದಲಿಸುವ ಪ್ರೊಪೆಲ್ಲರನ್ನು ಧರಿಸಿ ಆ ರಾಜಿಯಿಂದ ಪಾರಾಯಿತು.

ಅಂಥದು ಭಾರ, ಬೆಲೆಯೂ ಹೆಚ್ಚು. ಸ್ವತಃ ವಿಮಾನ ಕಟ್ಟುವವನು ಬಹುಮಟ್ಟಿಗೆ ಕೋನ ಬದಲಾಗದ್ದನ್ನೇ ಆರಿಸುತ್ತಾನೆ. ಅವನು ಸುತ್ತುಗಳ ಮಾಪಕವೊಂದನ್ನೇ ನೆಚ್ಚಲಾಗದು. ತೆಳುಗಾಳಿಯಲ್ಲಿ ಎಂಜಿನಿನ ಶಕ್ತಿಯೂ ಅಲಗಿನ ಮೇಲಣ ಹೊರೆಯೂ ಒಟ್ಟಿಗೆ ಇಳಿಯುವುದರಿಂದ, ಕಡಲತೀರದಲ್ಲಿ ತೋರಿದ್ದನ್ನೇ ಮುಳ್ಳು ಹೆಚ್ಚುಕಡಿಮೆ ಇಲ್ಲಿಯೂ ತೋರುವುದು; ನೆಲ ಬಿಡುವ ಮುನ್ನಿನ ಓಟ ಮಾತ್ರ ಉದ್ದವಾಗುವುದು.