ಒಂದೇ ದಿನದಲ್ಲಿ ಮುಗಿದ ಪಂದ್ಯ

ಸುಗ್ಗಿ ಮುಗಿದ ಮೇಲೆ ತಾವು ಎಂದಾದರೂ ಕೃಷ್ಣರಾಜನಗರದಿಂದ ಹುಣಸೂರಿಗೆ ಬಸ್ಸಿನಲ್ಲಿ ಹೋಗಿದ್ದರೆ, ಕೊಯ್ಲಾದ ಗದ್ದೆಬಯಲಿನಲ್ಲಿ ಹುಡುಗರು ಚೆಂಡಾಡುವುದನ್ನು ಕಂಡೇ ಇರುತ್ತೀರಿ. ತೆಂಗಿನ ಮಟ್ಟೆಯೇ ಬ್ಯಾಟು. ಮೂರು ಕೋಲು ನೆಟ್ಟರೆ ವಿಕೆಟ್ಟು. ಹಳಗನ್ನಡ ಪದ್ಯದ ಅನ್ವಯಕ್ಕೆ ತಲೆ ಕೆರೆದುಕೊಳ್ಳುವ ನನ್ನ ಶಿಷ್ಯರೇ ಅಲ್ಲಿ ಮಹಾರಥಿಗಳು. ಅವರಲ್ಲೊಬ್ಬನು ಒಂದು ದಿನ, "ಸಾರ್, ರಣಜಿ ಪಾರಿತೋಷಕವನ್ನು ನಮ್ಮ ಮೈಸೂರು ಮೊದಲು ಗೆದ್ದದ್ದು ಯಾವಾಗ?" ಎಂದು ಕೇಳಿದ. ಗೆಲವಿನ ಮಾತು ಆಮೇಲೆ, ಮೊದಲು ಸೋತ ಕತೆ ಕೇಳು ಎಂದೆ. ಅದನ್ನೇ ತಮ್ಮ ಮುಂದೆಯೂ ಇಡುತ್ತಿದ್ದೇನೆ.

ಎರಡು ಮಹಾಯುದ್ಧಗಳ ನಡುವಣ ಕಾಲ. ೧೯೩೨ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಭಾರತ ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಆಡಿಯಾಗಿತ್ತು. ಆದರೆ ದೇಶದೊಳಗೆ ಪ್ರಾಂತ ಪ್ರಾಂತಗಳು ಕ್ರಮವಾಗಿ ಸೆಣಸುವ ಏರ್ಪಾಡು ಇರಲಿಲ್ಲ. ಹೆಸರುವಾಸಿಯಾಗಿದ್ದುದು ಮುಂಬಯಿಯ ಚತುಷ್ಕೋಣ ಪಂದ್ಯ: ಹಿಂದೂಗಳು, ಮುಸಲ್ಮಾನರು, ಪಾರ್ಸಿಗಳು, ಯೂರೋಪಿಯನ್ನರು. ಆಟಗಾರನು ಯಾವ ಊರಿನವನೆಂಬುದಲ್ಲ, ಯಾವ ಮತದವನೆಂಬುದೇ ಅಲ್ಲಿನ ಲೆಕ್ಕ. ಮತದೊಳಗೆ ಮತ್ತೆ ಜಾತಿ. ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ೧೯೧೧ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಮಿಕ್ಕಿ ವಿಕೆಟ್ಟು ಕಿತ್ತವರು. ಅಂಥವರಿಗೂ ಪುಣೆಯಲ್ಲಿ ಚಹದ ಹೊತ್ತಿಗೆ ಹೊರಗೆ ಬೇರೆಯಾಗಿ ಮಣ್ಣಿನ ಕುಡಿಕೆಯೇ ಗತಿಯಾಗಿತ್ತು. 'ಅಸ್ಪೃಶ್ಯ'ರೆಂಬ ಕಾರಣದಿಂದ ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. ೧೯೨೩ರಲ್ಲಿ ತಮ್ಮ ವಿಠಲನಿಗೆ ದಕ್ಕಿತು.

ಈ ಹಿನ್ನೆಲೆಯನ್ನು ಮರೆತರೆ ೧೯೩೪ರ ಹೊಸತನ ತಿಳಿಯದು. ಆ ವರ್ಷದ ಜುಲೈನಲ್ಲಿ ಸಿಮ್ಲೆಯಲ್ಲಿ ಸೇರಿದ ಸಭೆಯಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರು, ಹಿಂದಿನ ವರ್ಷ ತೀರಿಕೊಂಡಿದ್ದ ರಣಜಿತ್‌ಸಿಂಹಜಿಯವರ ನೆನಪಿಗಾಗಿ ಚಿನ್ನದ ಪಾರಿತೋಷಕವನ್ನು ಕೊಡುವುದಾಗಿ ಸಾರಿದರು. ವೈಸರಾಯ್ ವಿಲಿಂಗ್ಡನ್ನರ ಹೆಸರಿನಲ್ಲಿ ಇನ್ನೊಂದು ಪಾರಿತೋಷಕವಿರಲೆಂದು ಬೇರೆ ಪಕ್ಷದವರು ಹೊರಟರು. ದೊರೆಗಳ ಜಗಳ, ಅದನ್ನು ಇಲ್ಲಿಗೇ ಬಿಡೋಣ. ನಾಲ್ಕು ವಲಯಗಳಾಗಿ ಪಂದ್ಯಗಳು ನಡೆಯಬೇಕೆಂದಾಯಿತು.

ಮೊಟ್ಟಮೊದಲ ಪಂದ್ಯವೇ ನಮ್ಮದು! ೧೯೩೪ನೆಯ ನವೆಂಬರ್ ೪, ಮದರಾಸಿನ ಚೆಪಾಕ್ ಮೈದಾನ, ಮದರಾಸಿಗೂ ಮೈಸೂರಿಗೂ. ಮೊದಲ ಚೆಂಡನ್ನು ಎಸೆದವರು ಮದರಾಸಿನ ಎಂ. ಜೆ. ಗೋಪಾಲನ್, ಹಾಕಿ, ಕ್ರಿಕೆಟ್ಟು ಎರಡರಲ್ಲಿಯೂ ದೇಶಕ್ಕಾಗಿ ಆಡಿದ ಧೀರರು. ಎದುರಿಸಿದವರು ಮೈಸೂರಿನ ಕರ್ಟಿಸ್. ಮೈಸೂರು ೪೮ ಓಟಗಳಿಗೆ ಮುಗಿಯಿತು. ಮದರಾಸೇನು ಬೆಟ್ಟ ಹತ್ತಲಿಲ್ಲ, ೧೩೦ಕ್ಕೆ ನಿಂತಿತು. ನಮ್ಮವರ ಎಸೆತವೂ ಕಳಪೆಯಲ್ಲವೆಂದು ಇದರಿಂದಲೇ ಊಹಿಸಬಹುದು. ಆದರೆ ಎರಡನೆಯ ಸರದಿಯಲ್ಲಿಯೂ ೫೯ ಓಟಗಳಿಗೆ ಎಲ್ಲರೂ ಹಿಂದಿರುಗಿದರು. ಇನ್ನಿಂಗ್ಸು ಮತ್ತು ೨೩ ಓಟಗಳ ಸೋಲು, ಒಂದೇ ಹಗಲಿನಲ್ಲಿ! ಎ. ಜಿ. ರಾಮಸಿಂಗ್ ಮೊದಲು ೧೯ ಓಟ ಕೊಟ್ಟು ಆರು ಮಂದಿಯನ್ನೂ, ಆಮೇಲೆ ೧೬ ಕೊಟ್ಟು ಐವರನ್ನೂ ಉರುಳಿಸಿದ್ದರು.

ಹೆಸರುಗಳನ್ನು ಮತ್ತೊಮ್ಮೆ ನೋಡಿ. ಮದರಾಸಿಗೆ ಗೆಲವು ತಂದವರು ಸಿಖ್ಖರು. ಮೈಸೂರಿನ ಪರವಾಗಿ ಮೊದಲ ಚೆಂಡಿಗೆ ಬ್ಯಾಟು ಹಿಡಿದವರು ಆಂಗ್ಲ ಹೆಸರಿನವರು. ಇವರನ್ನು ಮುಂಬಯಿಯ ಚತುಷ್ಕೋಣದ ಯಾವ ಯಾವ ಮೂಲೆಗೆ ಹಂಚುತ್ತಿದ್ದರೋ! ಚೆಪಾಕ್‌ನಲ್ಲಿ ಅವರು ಬರಿಯ ಮದರಾಸಿನವರು, ಮೈಸೂರಿನವರು. ಆ ಸೋಲು ನನಗೆ ಪ್ರಿಯವಾಗಿರುವುದು ಇದಕ್ಕಾಗಿ.

ಅಂದು ಆ ಸುದ್ದಿಯನ್ನು ಕೇಳಲು ನಮ್ಮವರಿಗೆ ಬಾನುಲಿಯೂ ಇರಲಿಲ್ಲ, ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಹುಟ್ಟುಹಾಕಿದ್ದು ೧೯೩೫ರಲ್ಲಿ.

ಮೈಸೂರಿಲ್ಲದೆಯೂ ಪಂದ್ಯಗಳು ಸಾಗಿದವು. ಹೈದರಾಬಾದಿನ ಎಸ್. ಎಂ. ಹಾದಿ ಈ ಸ್ಪರ್ಧೆಯ ಮೊದಲ ಶತಕ ಹೊಡೆದರು. ೧೯೩೫ರ ಮಾರ್ಚಿಯಲ್ಲಿ ಮುಂಬಯಿ ತಂಡವು ಉತ್ತರ ಭಾರತವನ್ನು ೨೦೮ ಓಟಗಳಿಂದ ಸೋಲಿಸಿತು. ಚತುಷ್ಕೋಣವು ೧೯೩೭ರಲ್ಲಿ ಪಂಚಕೋಣವಾಗಿ, ೧೯೪೦ರಲ್ಲಿ ಗಾಂಧೀಜಿಯವರ ಅಸಮ್ಮತಿಯನ್ನು ಕೇಳಿ, ೧೯೪೬ರಲ್ಲಿ ನಿಂತುಹೋಯಿತು. ಊರ ಹೆಸರಿನ ಆಟ ಉಳಿಯಿತು.

ಇನ್ನು ಹುಡುಗನ ಪ್ರಶ್ನೆ. ಮೈಸೂರು ೧೯೪೧-೪೨ರಲ್ಲಿಯೂ ೧೯೫೯-೬೦ರಲ್ಲಿಯೂ ಅಂತಿಮ ಪಂದ್ಯಕ್ಕೇರಿ ಮುಂಬಯಿಗೆ ಸೋತಿತು. ಮುಂಬಯಿಯ ಹದಿನೈದು ವರ್ಷಗಳ ಸತತ ಪಾರಮ್ಯವನ್ನು ಪ್ರಸನ್ನ, ಚಂದ್ರಶೇಖರ್, ವಿಶ್ವನಾಥರಿದ್ದ ತಂಡ ಬೆಂಗಳೂರಿನಲ್ಲಿ ಮುರಿದು, ೧೯೭೪ರಲ್ಲಿ ಪಾರಿತೋಷಕವನ್ನು ತಂದಿತು. ಆದರೆ ಅಷ್ಟು ಹೊತ್ತಿಗೆ, ೧೯೭೩ರ ನವೆಂಬರ್ ೧ರಂದು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಗಿತ್ತು.

"ಹಾಗಾದರೆ ಮೈಸೂರು ಗೆಲ್ಲಲೇ ಇಲ್ಲವೇ, ಸಾರ್?" ಎಂದ ಹುಡುಗ.

ಆ ಹೆಸರಿನಲ್ಲಿ ಇಲ್ಲಪ್ಪ ಎಂದೆ. ಚಂದ್ರಶೇಖರ್ ಹುಟ್ಟಿದ್ದು ಮೈಸೂರಿನಲ್ಲೇ ಎಂದು ಸೇರಿಸಿದ ಮೇಲೆ ಕೊಂಚ ಗೆಲುವಾದ.