ಹಳೆಯ ಬೀಗ, ಹೊಸ ಬೋರ್ಡು

ಹೊಸಪೇಟೆಯಿಂದ ರಾತ್ರಿ ಬೆಂಗಳೂರಿಗೆ ಹೊರಡುವ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಕಾಲಕ್ಕೆ ಚೀಟಿ ಹಿಡಿದ ಪ್ರಯಾಣಿಕರು ಇರುತ್ತಿದ್ದರು. ಚೀಟಿಯೆಂದರೆ ವೈದ್ಯರದ್ದಲ್ಲ, ಕಂಪ್ಯೂಟರ್ ಬಿಡಿಭಾಗಗಳದ್ದು. ಮದರ್‌ಬೋರ್ಡ್ ಇಂಥದ್ದು, ಪ್ರಾಸೆಸರ್ ಇಂಥದ್ದು, ರ‍್ಯಾಮ್ ಇಷ್ಟು, ಹಾರ್ಡ್‌ಡಿಸ್ಕ್ ಇಷ್ಟು ಜಿಬಿ. ಬೆಳಿಗ್ಗೆ ಇಳಿದು ಎಸ್.ಪಿ. ರಸ್ತೆಯ ಇಕ್ಕಟ್ಟಿನ ಅಂಗಡಿಗಳಲ್ಲಿ ಚೌಕಾಶಿ ಮಾಡಿ, ರಟ್ಟಿನ ಪೆಟ್ಟಿಗೆಗಳನ್ನು ಎದೆಗವಚಿಕೊಂಡು ಅದೇ ರಾತ್ರಿ ಗಾಡಿ ಹತ್ತುತ್ತಿದ್ದರು. ಚೀಟಿಯಲ್ಲಿ ಒಂದು ಸಾಲು ತಪ್ಪಿದ್ದರೆ ಮತ್ತೆ ಎರಡು ರಾತ್ರಿಯ ಪ್ರಯಾಣ. ನಾವೂ ಹಾಗೆ ಹೋಗಿ ಬಂದವರೇ.

ಅಂಗಡಿಯವರ ಬಾಯಲ್ಲಿ ಆಗ ಒಂದೇ ಮಾತು: 'ಸಪೋರ್ಟ್ ಆಗುತ್ತೆ', ಇಲ್ಲವೇ 'ಸಪೋರ್ಟ್ ಆಗಲ್ಲ'. ನಮ್ಮ ಮೊಹಲ್ಲಾದ ಮೆಕ್ಯಾನಿಕ್‌ಗಳು ದಖನಿಯಲ್ಲಿ ಇದನ್ನೇ ಇನ್ನೂ ಚೆನ್ನಾಗಿ ಹೇಳುತ್ತಿದ್ದರು: 'ಬೈಠ್ತಾ ಹೈ, ಜಮ್ತಾ ನೈ.' ಕೂರುತ್ತದೆ, ಕೂಡುವುದಿಲ್ಲ. ಕಂಪ್ಯೂಟರ್ ಬಿಡಿಭಾಗಗಳ ನಲವತ್ತು ವರ್ಷಗಳ ಇತಿಹಾಸದಲ್ಲಿ ಮೋಸಹೋದವರೆಲ್ಲ ಈ ಎರಡು ಕ್ರಿಯಾಪದಗಳ ನಡುವೆ ಬಿದ್ದವರು ಎಂದು ನಮಗೆ ಅನಿಸುತ್ತದೆ.

ಅಷ್ಟಕ್ಕೂ ಒಂದೊಂದು ಭಾಗವನ್ನು ಒಂದೊಂದು ಕಂಪನಿಯಿಂದ ಕೊಂಡು ಜೋಡಿಸುವ ಪದ್ಧತಿ ಬಂದದ್ದಾದರೂ ಹೇಗೆ? ನಮ್ಮ ಮನೆಯ ಟಿವಿಯನ್ನು ಯಾರೂ ಹಾಗೆ ಕೊಳ್ಳಲಿಲ್ಲವಲ್ಲ! 1981ರ ಆಗಸ್ಟಿನಲ್ಲಿ ಅಮೆರಿಕದ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಬೇಗ ಮಾರುಕಟ್ಟೆಗೆ ಬರುವ ಅವಸರದಲ್ಲಿ ಪ್ರಾಸೆಸರನ್ನು ಇಂಟೆಲ್‌ನಿಂದಲೂ ಆಪರೇಟಿಂಗ್ ಸಿಸ್ಟಮನ್ನು ಮೈಕ್ರೋಸಾಫ್ಟ್‌ನಿಂದಲೂ ಪಡೆದಿತ್ತು. ಬೋರ್ಡಿನ ಮೇಲೆ ಐದು ಸ್ಲಾಟ್‌ಗಳನ್ನಿಟ್ಟು, ಅವುಗಳ ವಿವರವನ್ನು ಕೈಪಿಡಿಯಲ್ಲಿ ಅಚ್ಚುಹಾಕಿ ಯಾರು ಬೇಕಾದರೂ ಅವಕ್ಕೆ ಕಾರ್ಡು ಮಾಡಲು ಬಿಟ್ಟಿತು. ಅದರ ಸ್ವಂತದ್ದೆಂದು ಉಳಿದದ್ದು ಬಯಾಸ್ ಎಂಬ ಒಂದು ಪುಟ್ಟ ಪ್ರೋಗ್ರಾಂ. ಕಾಂಪ್ಯಾಕ್ ಕಂಪನಿ 1982ರಲ್ಲೇ ಅದನ್ನು ಕದಿಯದೆ, ನಕಲಿಸದೆ, ಅದು ಮಾಡುವ ಕೆಲಸವನ್ನಷ್ಟೇ ನೋಡಿ ಹೊಸದಾಗಿ ಬರೆಸಿತು. 1984ರಲ್ಲಿ ಫೀನಿಕ್ಸ್ ಕಂಪನಿ ಇಂಥದೇ ಬಯಾಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಆಮೇಲೆ ತಡೆಯುವವರೇ ಇರಲಿಲ್ಲ. 1987ರಲ್ಲಿ ಐಬಿಎಂ ಎಚ್ಚೆತ್ತು, ಪರವಾನಗಿ ಶುಲ್ಕ ಕೊಟ್ಟವರಿಗೆ ಮಾತ್ರ ಸಿಗುವ ಹೊಸ ಬಗೆಯ ಸ್ಲಾಟ್‌ಗಳ ಯಂತ್ರ ತಂದಿತು. ಮನೆಯ ಯಜಮಾನ ಬಾಗಿಲು ಹಾಕಿಕೊಂಡ, ನೆಂಟರು ಅಂಗಳದಲ್ಲೇ ಊಟ ಮುಂದುವರಿಸಿದರು. ಹಳೆಯ ಸ್ಲಾಟೇ ಉಳಿಯಿತು.

ಐಬಿಎಂ 1978ರಲ್ಲೇ ಭಾರತ ಬಿಟ್ಟು ಹೋಗಿತ್ತು. 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದಿನ ಬಿಗಿಯನ್ನು ಸಡಿಲಿಸಿತು, 1991ರ ಉದಾರೀಕರಣ ಇನ್ನಷ್ಟು ಸಡಿಲಿಸಿತು. ನಮ್ಮಂಥ ಊರುಗಳಿಗೆ 'ಅಸೆಂಬಲ್ಡ್' ಯಂತ್ರ ಬಂದದ್ದು ಆ ನಂತರ. ಕಂಪನಿಯ ಮುದ್ರೆಯಿದ್ದ ಯಂತ್ರ ಬ್ಯಾಂಕಿಗೆ, ಅಸೆಂಬಲ್ಡ್ ಯಂತ್ರ ನಮಗೆ. ನಮ್ಮ ಕಡೆ ಅದನ್ನು ಜೋಡಿಸಿಕೊಟ್ಟವರಲ್ಲಿ ಹಲವರು ಮೊದಲು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಹುಡುಗರು. ಇಂಗ್ಲಿಷ್ ಕೈಪಿಡಿ ಓದಲು ಬಾರದಿದ್ದರೂ ಅದರ ಚಿತ್ರ ನೋಡಿ ಜಂಪರ್ ಹಾಕುತ್ತಿದ್ದರು. ಆಗಿನ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುತ್ತಿದ್ದ ಎರಡು ಕನೆಕ್ಟರ್‌ಗಳನ್ನು ಅದಲುಬದಲು ಮಾಡಿದರೆ ಬೋರ್ಡು ಸುಟ್ಟೇಹೋಗುತ್ತಿತ್ತು. 'ಕಾಲಾ ಕಾಲಾ ಏಕ್ ತರಫ್' ಎಂಬುದು ಆಗಿನ ಮಂತ್ರ. ಕಪ್ಪು ತಂತಿಗಳೆಲ್ಲ ನಡುವೆ ಪಕ್ಕಪಕ್ಕ ಬರಬೇಕು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾದರಿಯಲ್ಲಿ ತಿರುಗುಮುರುಗಾಗಿ ಕೂರದ ಒಂದೇ ಕನೆಕ್ಟರ್ ಬಂದು ಆ ಮಂತ್ರದ ಅಗತ್ಯ ತಪ್ಪಿತು.

ಹೊಂದಾಣಿಕೆಯ ಸುವರ್ಣಕಾಲವೊಂದಿದ್ದರೆ ಅದು ಸಾಕೆಟ್ 7ರ ಕಾಲ. 1990ರ ದಶಕದ ನಡುವಿನ ಆ ಒಂದೇ ಗುಳಿಯಲ್ಲಿ ಇಂಟೆಲ್‌ನ ಪೆಂಟಿಯಂ, ಎಎಂಡಿಯ ಕೆ6, ಸೈರಿಕ್ಸ್‌ನ 6x86 ಮೂರೂ ಕೂರುತ್ತಿದ್ದವು. ಜಂಪರ್ ಸರಿಸಿ ವೋಲ್ಟೇಜ್ ಹೊಂದಿಸಿದರೆ ಕೂಡುತ್ತಲೂ ಇದ್ದವು. 1997ರಲ್ಲಿ ಪೆಂಟಿಯಂ 2ರೊಂದಿಗೆ ಇಂಟೆಲ್ ತನ್ನದೇ ಸ್ಲಾಟಿಗೆ ಸರಿಯಿತು. 1999ರಲ್ಲಿ ಎಎಂಡಿಯೂ ಬೇರೆ ದಾರಿ ಹಿಡಿಯಿತು. ಅಲ್ಲಿಂದ ಮುಂದೆ ಬೋರ್ಡು ಕೊಳ್ಳುವುದೆಂದರೆ ಒಂದು ಮನೆತನದ ಜೊತೆ ನೆಂಟಸ್ತಿಕೆ ಮಾಡಿದಂತೆಯೇ ಆಯಿತು.

ಆಮೇಲೆ ಒಂದೇ ಮನೆತನದೊಳಗೂ ಜಗಳ. ಸಾಕೆಟ್ 370 ಎಂಬುದು ಹೆಸರಿಗೆ ಒಂದು. ಅದರಲ್ಲಿ ಮೊದಲು ಬಂದದ್ದು ಸೆಲೆರಾನ್, ಆಮೇಲೆ ಪೆಂಟಿಯಂ 3, 2001ರಲ್ಲಿ ಟುವಾಲಟಿನ್ ಎಂಬ ಕೊನೆಯ ತಲೆಮಾರು. 370 ಪಿನ್ನುಗಳೂ ಗುಳಿಯಲ್ಲಿ ನೆಟ್ಟಗೆ ಇಳಿಯುತ್ತವೆ, ಆದರೆ ಹಳೆಯ ಬೋರ್ಡು ಹೊಸ ಪ್ರಾಸೆಸರಿಗೆ ಬೇಕಾದ ವೋಲ್ಟೇಜ್ ಕೊಡಲಾರದು, ಪಿನ್ನುಗಳ ಅರ್ಥವೂ ಬದಲಾಗಿರುತ್ತದೆ. ಸೆಲೆರಾನ್ ಯಂತ್ರಕ್ಕೆ ಪೆಂಟಿಯಂ 3 ಹಾಕಿಸಲು ಹೋಗಿ ಕಪ್ಪು ಪರದೆ ನೋಡುತ್ತ ಕುಳಿತ ಒಬ್ಬ ಗೆಳೆಯನ ಮುಖ ನಮಗಿನ್ನೂ ನೆನಪಿದೆ. ರ‍್ಯಾಮಿನವರು ಈ ವಿಷಯದಲ್ಲಿ ಪ್ರಾಮಾಣಿಕರು. ಎಸ್‌ಡಿರ‍್ಯಾಮಿಗೆ 168 ಪಿನ್ನು, ಎರಡು ಕಚ್ಚು. ಡಿಡಿಆರ್‌ಗೆ 184 ಪಿನ್ನು, ಒಂದು ಕಚ್ಚು. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನುಗಳೇ ಆದರೂ ಕಚ್ಚಿನ ಜಾಗ ಬೇರೆ. ತಪ್ಪು ಜಾಗದಲ್ಲಿ ಕೂರುವುದೇ ಇಲ್ಲ. ಬಲವಂತ ಮಾಡಿದವರ ಕಥೆ ಬೇರೆ. ಪೆಂಟಿಯಂ 4 ಬಂದಾಗ ಬೋರ್ಡಿಗೆ ಇನ್ನೊಂದು ನಾಲ್ಕು ಪಿನ್ನಿನ ಕರೆಂಟಿನ ಕನೆಕ್ಟರ್ ಬೇಕಾಯಿತು. ಹಳೆಯ ಕ್ಯಾಬಿನೆಟ್ಟನ್ನೇ ಉಳಿಸಿಕೊಂಡು ದುಡ್ಡು ಉಳಿಸಲು ಹೊರಟವರು ಅದಿಲ್ಲದ ಎಸ್‌ಎಂಪಿಎಸ್ ಹಿಡಿದು ಮತ್ತೆ ಅಂಗಡಿಗೆ ನಡೆದರು.

ಇಷ್ಟು ಕಥೆ ಹೈದರಾಬಾದಿನದ್ದೂ ಹೌದು, ಲಾಹೋರಿನದ್ದೂ ಹೌದು. ಕನ್ನಡ ಮತ್ತು ಉರ್ದು ಎರಡರಲ್ಲೂ ಅಕ್ಷರ ಕಲಿತ ನಮ್ಮಂಥವರಿಗೆ ಇದರ ಮೇಲೆ ಇನ್ನೊಂದು ಅಂತಸ್ತು ಇತ್ತು. ಬೇರೆಯವರು ಬೋರ್ಡಿಗೂ ಪ್ರಾಸೆಸರಿಗೂ ಸಂಬಂಧ ನೋಡಿದರೆ ಸಾಕಿತ್ತು. ನಾವು ನಮ್ಮ ಲಿಪಿಗೂ ಜಾಗ ಇದೆಯೇ ಎಂದು ನೋಡಬೇಕಿತ್ತು. ಇದು ಮಾತಿನ ಅಲಂಕಾರವಲ್ಲ. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ತಂತ್ರಜ್ಞಾನ ಬಂದದ್ದೇ ಒಂದು ಕಾರ್ಡಿನ ರೂಪದಲ್ಲಿ. ಕಂಪ್ಯೂಟರಿನ ಸ್ಲಾಟಿಗೆ ಅದನ್ನು ಚುಚ್ಚಿದರೆ ಡಾಸ್‌ನ ಪರದೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಭಾಷೆಯೊಂದು ಬೋರ್ಡಿನ ಮೇಲೆ ಸೀಟು ಹಿಡಿದು ಕೂರಬೇಕಿದ್ದ ಕಾಲ! ಆಮೇಲೆ ವಿಂಡೋಸ್ ಬಂತು. ಮೊನೋಟೈಪ್‌ನಲ್ಲಿ ದುಡಿದಿದ್ದ ಕೆ.ಪಿ. ರಾವ್ ಅವರು 'ಸೇಡಿಯಾಪು' ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದವು. ಕನ್ನಡಕ್ಕೆ ಕಾರ್ಡಿನ ಹಂಗು ತಪ್ಪಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಬಂಧಗಳನ್ನು ಟೈಪ್ ಮಾಡಿ ಬದುಕಿದ ಹೊಸಪೇಟೆಯ ಡಿಟಿಪಿ ಅಂಗಡಿಗಳಿಗೆ ಇದು ದೊಡ್ಡ ಉಪಕಾರ.

ಉರ್ದುವಿನ ದಾರಿ ಇನ್ನೂ ಕಷ್ಟದ್ದು. ನಸ್ತಾಲೀಖ್ ಬರವಣಿಗೆಯಲ್ಲಿ ಅಕ್ಷರಗಳು ಸಾಲಿನ ಮೇಲೆ ಕೂರುವುದಿಲ್ಲ. ಒಂದಕ್ಕೊಂದು ಆತು ಓರೆಯಾಗಿ ಇಳಿಯುತ್ತವೆ. ಚೆನ್ನೈಯ 'ಮುಸಲ್ಮಾನ್' ಪತ್ರಿಕೆಯನ್ನು 1927ರಿಂದ ಕಾತಿಬರು ಕೈಯಲ್ಲೇ ಬರೆದದ್ದು ಹಟಕ್ಕಾಗಿ ಮಾತ್ರವಲ್ಲ, ಮೊಳೆಗಳಿಗೆ ಆ ಲಿಪಿ ಒಗ್ಗುತ್ತಿರಲಿಲ್ಲ. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲ್ ಸುಮಾರು 20,000 ಜೋಡಣೆಗಳನ್ನು ಬರೆದು ಮೊನೋಟೈಪ್‌ಗಾಗಿ ನೂರಿ ನಸ್ತಾಲೀಖ್ ಸಿದ್ಧಪಡಿಸಿದರು. 1994ರಲ್ಲಿ 'ಇನ್‌ಪೇಜ್' ಬಂದು ಅದು ಸಾಧಾರಣ ಕಂಪ್ಯೂಟರಿಗೂ ಇಳಿಯಿತು. ಆದರೆ ಆ ಕಾಲದ ಡಿಟಿಪಿ ತಂತ್ರಾಂಶಗಳಲ್ಲಿ ಹಲವಕ್ಕೆ ಒಂದು ಬೀಗವಿರುತ್ತಿತ್ತು. ಡಾಂಗಲ್ ಎನ್ನುವ ಬೆಂಕಿಪೊಟ್ಟಣದಷ್ಟರ ಆ ವಸ್ತುವನ್ನು ಪ್ರಿಂಟರಿನ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸದಿದ್ದರೆ ತಂತ್ರಾಂಶ ತೆರೆಯುತ್ತಲೇ ಇರಲಿಲ್ಲ.

2008ರ ಸುಮಾರಿಗೆ ನಮ್ಮ ಗೆಳೆಯರ ಬಳಗದ ಒಂದು ಡಿಟಿಪಿ ಕೋಣೆ ಇತ್ತು. ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಉರ್ದು ಇರುವ ಮದುವೆ ಕಾರ್ಡುಗಳೇ ಅದರ ಅನ್ನ. ನಮ್ಮ ಕಥೆಗಳ ಉರ್ದು ಕರಡುಗಳೂ ಅದರಲ್ಲೇ ಇದ್ದವು. ಹಳೆಯ ಬೋರ್ಡಿನ ಕೆಪಾಸಿಟರ್‌ಗಳು ಉಬ್ಬಿ ಯಂತ್ರ ನಡುನಡುವೆ ನಿಲ್ಲತೊಡಗಿತು. ಆ ವರ್ಷಗಳ ಬಹಳಷ್ಟು ಬೋರ್ಡುಗಳಿಗೆ ಕಳಪೆ ಕೆಪಾಸಿಟರ್‌ಗಳ ರೋಗ ತಗಲಿತ್ತು, ನಮ್ಮ ಬೇಸಿಗೆ ಅದಕ್ಕೆ ತುಪ್ಪ ಸುರಿಯಿತು. ಚೀಟಿ ಬರೆದೆವು. ಹೊಸ ಬೋರ್ಡು, ಹೊಸ ಪ್ರಾಸೆಸರ್, ಡಿಡಿಆರ್2 ರ‍್ಯಾಮ್, ಸಾಟಾ ಹಾರ್ಡ್‌ಡಿಸ್ಕ್, ನಾಲ್ಕು ಪಿನ್ನು ನೆನಪಿಟ್ಟು ಹೊಸ ಎಸ್‌ಎಂಪಿಎಸ್. ಒಂದಕ್ಕೊಂದು ಹೊಂದುತ್ತದೆಯೇ ಎಂದು ಮೂರು ಸಲ ತಾಳೆ ನೋಡಿದೆವು. ಯಂತ್ರ ಮೊದಲ ಸಲಕ್ಕೇ ಎದ್ದಿತು. ಬೀಗ ಸಿಕ್ಕಿಸಲು ಹಿಂದೆ ಕೈಹಾಕಿದರೆ ಪ್ಯಾರಲಲ್ ಪೋರ್ಟೇ ಇಲ್ಲ!

ಮದುವೆಗಳ ಕಾಲ. ಮೂರು ಮನೆಯವರ ಕಾರ್ಡು ಅರ್ಧಕ್ಕೆ ನಿಂತಿತ್ತು. ಯುಎಸ್‌ಬಿಯಿಂದ ಪ್ಯಾರಲಲ್ ಆಗುವ ತಂತಿ ತರಿಸಿದೆವು. ಅದು ಪ್ರಿಂಟರಿಗೆ ಮಾತ್ರ ಸೈ, ಬೀಗ ಅದರೊಂದಿಗೆ ಮಾತಾಡಲಿಲ್ಲ. ಪಿಸಿಐ ಸ್ಲಾಟಿಗೆ ಹಾಕುವ ಪೋರ್ಟ್ ಕಾರ್ಡು ಕೊಂಡೆವು. ಅದು ಕೂತಿತು, ಕೂಡಲಿಲ್ಲ. ಬೋರ್ಡಿನ ಪ್ಯಾರಲಲ್ ಪೋರ್ಟಿಗೆ ಯಂತ್ರದೊಳಗೆ ರೂಢಿಯಿಂದ ಬಂದ ಒಂದು ವಿಳಾಸವಿದೆ. ಹಳೆಯ ಬೀಗ ಆ ಮನೆಯ ಬಾಗಿಲನ್ನೇ ತಟ್ಟುತ್ತದೆ. ಪಿಸಿಐ ಕಾರ್ಡಿಗೆ ಸಿಕ್ಕಿದ್ದು ಬೇರೆ ಓಣಿಯ ಬೇರೆ ಮನೆ. ಮಾರಿದ ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಅವರದ್ದೇನು ತಪ್ಪು? ನಾವು ಕೇಳಿದ್ದೆಲ್ಲ ಹೊಸ ಸಾಮಾನುಗಳ ಬಗ್ಗೆ. ಬಿಡಲಾಗದ ಹಳೆಯ ಸಾಮಾನು ಯಾವುದು ಎಂದು ಚೀಟಿಯ ಮೊದಲ ಸಾಲಿನಲ್ಲಿ ಬರೆದಿರಲೇ ಇಲ್ಲ.

ಬಿಡಿಸಿಕೊಟ್ಟವನು ಸಂಡೂರು ಕಡೆಯ ಒಬ್ಬ ವೇಬ್ರಿಡ್ಜ್ ಮೆಕ್ಯಾನಿಕ್. ಅದು ಅದಿರಿನ ಭರಾಟೆಯ ಕಾಲ. ಚೀನಾದ ಬೇಡಿಕೆಗೆ ಗಣಿಗಳು ಹಗಲುರಾತ್ರಿ ತೋಡುತ್ತಿದ್ದವು, ಲಾರಿಗಳ ಸಾಲು ರಸ್ತೆ ತುಂಬಿತ್ತು. ತೂಕದ ಯಂತ್ರ ಲಾರಿಯ ಭಾರವನ್ನು ಕಂಪ್ಯೂಟರಿಗೆ ಹೇಳುವುದು ಸೀರಿಯಲ್ ಪೋರ್ಟಿನ ಮೂಲಕ. ಚೀಟಿಗಳು ಕಾರ್ಬನ್ ಪ್ರತಿಯೊಂದಿಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಬರುವುದು ಪ್ಯಾರಲಲ್ ಪೋರ್ಟಿನ ಮೂಲಕ. ಕೆಂಪು ಧೂಳು ನುಂಗಿ ಆರು ತಿಂಗಳಿಗೊಂದು ಯಂತ್ರ ಸಾಯುತ್ತಿದ್ದ ಕಡೆ ದುಡಿಯುವವನಿಗೆ ಹಳೆಯ ಪೋರ್ಟುಗಳನ್ನು ಹುಡುಕುವುದೇ ಕಸುಬು. ನಮ್ಮ ಬೋರ್ಡಿನ ಮೇಲೆ ಟಾರ್ಚ್ ಬಿಟ್ಟು ಒಂದು ಮೂಲೆ ತೋರಿಸಿದ. 'ನೋಡ್ರಿ ಭಾಯಿ, ಹಿಂದ ಕಿಂಡಿ ಇಲ್ಲಂದ್ರ ಪೋರ್ಟೇ ಇಲ್ಲ ಅಂತ ಯಾರು ಹೇಳಿದ್ರು?' ಅಲ್ಲಿ ಎರಡು ಸಾಲು ಬೋಳು ಪಿನ್ನುಗಳು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಎಲ್‌ಪಿಟಿ'. ಆ ಕಾಲದ ಹಲವು ಬೋರ್ಡುಗಳಲ್ಲಿ ಕಂಪನಿಯವರು ಪೋರ್ಟನ್ನು ಒಳಗೆ ಉಳಿಸಿ ಹೊರಗಿನ ಬಾಯನ್ನು ಮಾತ್ರ ತೆಗೆದಿದ್ದರು. ಅವನು ತನ್ನ ಚೀಲದಿಂದ ಪಟ್ಟಿ ತಂತಿಯ ಒಂದು ಬ್ರ್ಯಾಕೆಟ್ ತೆಗೆದು ಸಿಕ್ಕಿಸಿದ. ವಿಳಾಸ ಹಳೆಯದೇ ಆದ್ದರಿಂದ ಬೀಗ ತೆರೆಯಿತು. ಚಹಾ ಬಿಟ್ಟರೆ ಬೇರೇನನ್ನೂ ತೆಗೆದುಕೊಳ್ಳಲಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಆಮೇಲೆ ಅವನು ಎಲ್ಲಿ ಹೋದನೋ ತಿಳಿಯಲಿಲ್ಲ.

ಆ ಬಳಿಕದ ಇತಿಹಾಸ ಹಿಂದಿನದರ ಪುನರಾವರ್ತನೆ. 2017ರಲ್ಲಿ ಇಂಟೆಲ್ ತನ್ನ ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರಾಸೆಸರುಗಳನ್ನು ಹಿಂದಿನ 1151 ಪಿನ್ನುಗಳ ಸಾಕೆಟ್ಟಿಗೇ ತಂದಿತು. ಹಳೆಯ ಬೋರ್ಡುಗಳಲ್ಲಿ ಕೂರುತ್ತಿತ್ತು, ಕೂಡುತ್ತಿರಲಿಲ್ಲ. ಎಎಂಡಿ ಮಾತ್ರ 2016ರಲ್ಲಿ ತಂದ ಎಎಂ4 ಸಾಕೆಟ್ಟನ್ನು ಹಲವು ತಲೆಮಾರುಗಳವರೆಗೆ ಉಳಿಸಿಕೊಂಡು, 2022ರಲ್ಲಿ ಡಿಡಿಆರ್5 ಬೇಡುವ ಎಎಂ5ಕ್ಕೆ ದಾಟಿತು. ಈಗ ಪಿನ್ನಿನ ಮಾತೂ ಇಲ್ಲದ ಹೊಸ ಬಗೆಯ ಹೊಂದಾಣಿಕೆ ಬಂದಿದೆ. 2021ರ ವಿಂಡೋಸ್ 11 ಟಿಪಿಎಂ ಎಂಬ ಭದ್ರತಾ ಚಿಪ್ಪು ಇದೆಯೇ, ಪ್ರಾಸೆಸರ್ ಯಾವ ತಲೆಮಾರಿನದು ಎಂದು ಕೇಳಿಯೇ ಒಳಗೆ ಬಿಡುತ್ತದೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಗಟ್ಟಿಮುಟ್ಟಾಗಿ ಓಡುವ ಎಷ್ಟೋ ಯಂತ್ರಗಳು ಅಂದಿನಿಂದ ಹೊರಗೆ ನಿಂತಿವೆ.

ಕಳೆದ ತಿಂಗಳು ಕಂಪ್ಲಿಯಿಂದ ನೆಂಟರ ಹುಡುಗ ಬಂದಿದ್ದ. ವಿಡಿಯೋ ಎಡಿಟಿಂಗಿಗೆ ಯಂತ್ರ ಕಟ್ಟಬೇಕಂತೆ. ಮೊಬೈಲಿನಲ್ಲಿ ಬಿಡಿಭಾಗಗಳ ಪಟ್ಟಿ ತೋರಿಸಿ, 'ಎಲ್ಲಾ ಸಪೋರ್ಟ್ ಆಗುತ್ತೆ ಚಾಚಾ, ಚೆಕ್ ಮಾಡೀನಿ' ಎಂದ. ಪಟ್ಟಿ ಸರಿಯಾಗಿಯೇ ಇತ್ತು. ಹಳೆಯದು ಏನೇನಿದೆ ಎಂದು ಕೇಳಿದೆವು. ಅವನ ಅಬ್ಬಾನ ಅಂಗಡಿಯ ಲೆಕ್ಕ ಒಂದು ಡಾಸ್ ಪ್ರೋಗ್ರಾಮಿನಲ್ಲಿದೆ, ಅದನ್ನೂ ಇದರಲ್ಲೇ ಓಡಿಸುವುದು ಎಂದ. ಈಗಿನ 64 ಬಿಟ್ ವಿಂಡೋಸ್ ಅಂಥ 16 ಬಿಟ್ ಪ್ರೋಗ್ರಾಮುಗಳನ್ನು ನೇರವಾಗಿ ಓಡಿಸುವುದಿಲ್ಲ ಎಂದಾಗ ಹುಡುಗ ಮೊಬೈಲನ್ನು ಕೆಳಗಿಟ್ಟ.

ನಮ್ಮ 2008ರ ಯಂತ್ರ ಇನ್ನೂ ಮನೆಯ ಮೂಲೆಯಲ್ಲಿದೆ. ಅದರಲ್ಲಿರುವ ಕಡತಗಳು ಯೂನಿಕೋಡ್ ಅಲ್ಲದ ಹಳೆಯ ಸಂಕೇತದಲ್ಲಿವೆ; ಪರಿವರ್ತನೆ ಮಾಡಿದರೆ ಜೇರ್, ಜಬರ್ ಅಲ್ಲಲ್ಲಿ ಜಾರುತ್ತವೆ, ಆದ್ದರಿಂದ ಒಂದೊಂದೇ ಕಥೆಯನ್ನು ಮೂಲ ಪರದೆಯ ಪಕ್ಕದಲ್ಲಿಟ್ಟು ತಿದ್ದುತ್ತಿದ್ದೇವೆ. ಹನ್ನೊಂದು ಆಗಿವೆ, ಒಂಬತ್ತು ಉಳಿದಿವೆ. ಬೋರ್ಡಿನ ಬಟನ್ ಸೆಲ್ ಸತ್ತಿರುವುದರಿಂದ ಸ್ವಿಚ್ ಹಾಕಿದಾಗಲೆಲ್ಲ ಯಂತ್ರ ಹಳೆಯ ತಾರೀಖನ್ನೇ ಹೇಳುತ್ತದೆ. ನಾವು ಎಫ್1 ಒತ್ತಿ ಮುಂದೆ ಹೋಗುತ್ತೇವೆ.