ಕಾಲಡಿಯ ಮೂರು ಮಿಲಿಮೀಟರ್ ಮರದ ಕಥೆ

ಮಲೆನಾಡಿನ ಕಡೆಯವರಿಗೆ ಇದು ಚೆನ್ನಾಗಿ ಗೊತ್ತಿರತ್ತೆ. ಮಳೆಗಾಲ ಬಂತು ಅಂದ್ರೆ ಮರದ ಬಾಗಿಲು ಊದಿಕೊಂಡು ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳತ್ತೆ, ಬೇಸಿಗೆಯಲ್ಲಿ ಅದೇ ಬಾಗಿಲು ಸಡಿಲ! ಮರ ಕಡಿದು ಎಷ್ಟು ವರ್ಷ ಆದ್ರೂ ಗಾಳಿಯ ತೇವ ಕುಡಿಯೋದನ್ನ ನಿಲ್ಲಿಸಲ್ಲ. ಎಳೆಯ ಉದ್ದಕ್ಕೆ ಹೆಚ್ಚೇನೂ ಬದಲಾಗಲ್ಲ, ಅಡ್ಡಕ್ಕೆ ಮಾತ್ರ ಹಿಗ್ಗತ್ತೆ, ಕುಗ್ಗತ್ತೆ. ಒಂದು ಬಾಗಿಲಿಗೇ ಈ ಪಾಡಾದ್ರೆ ಇಡೀ ನೆಲಕ್ಕೆ ಮರ ಹಾಸಿದವರ ಗತಿ ಏನು?

ಹಾಗಂತ ಕಲ್ಲು ಹಾಸೋಣ ಅಂದ್ರೆ ಅದಕ್ಕೂ ತೊಂದರೆ. ಫ್ರಾನ್ಸಿನ ವರ್ಸೈ ಅರಮನೆಯಲ್ಲಿ ಅಮೃತಶಿಲೆ ತೊಳೆದ ನೀರು ಕೆಳಗಿಳಿದು ಮರದ ತೊಲೆಗಳು ಕೊಳೆಯೋಕೆ ಶುರುವಾಯ್ತು. 1680ರ ದಶಕದಲ್ಲಿ ಅಲ್ಲಿ ಕಲ್ಲು ತೆಗೆದು ಪಾರ್ಕೆಟ್, ಅಂದ್ರೆ ಸಣ್ಣ ಹಲಗೆಗಳನ್ನು ಹೆಣೆದ ಮರದ ನೆಲ ಹಾಸಿದರು.

ನಾನಿರೋ ಸ್ವೀಡನ್‌ನಲ್ಲಿ ಕಾಟ ಕೊಡೋದು ಚಳಿಗಾಲ. ಹೊರಗೆ ಹಿಮ, ಒಳಗೆ ಹೀಟರ್, ಗಾಳಿ ಒಣಗಿ ಹಪ್ಪಳ. ಗಟ್ಟಿ ಹಲಗೆಗಳು ಕುಗ್ಗಿ ನಡುವೆ ಸಂದು ಬಿಡ್ತಿದ್ವು. ಇದಕ್ಕೆ ಉತ್ತರ ಬಂದಿದ್ದು ಇಲ್ಲಿನ ನಿಬ್ರೋ ಅನ್ನೋ ಊರಿಂದ. 1941ರಲ್ಲಿ ಗುಸ್ತಾಫ್ ಕೇರ್ ಅನ್ನುವವರು ಪದರ ಪದರವಾಗಿ ಅಂಟಿಸಿದ ಮರದ ನೆಲಕ್ಕೆ ಪೇಟೆಂಟ್ ಪಡೆದರು. ಉಪಾಯ ಪ್ಲೈವುಡ್‌ನದ್ದೇ, ಅದಕ್ಕೆ ಅಮೆರಿಕದ ಜಾನ್ ಮೇಯೋ 1865ರಲ್ಲೇ ಪೇಟೆಂಟ್ ತಗೊಂಡಿದ್ದರು. ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಒಂದು ಹಿಗ್ಗೋಕೆ ಹೊರಟರೆ ಇನ್ನೊಂದು ಕೈ ಹಿಡಿದು ಎಳೀತದೆ. ದುಬಾರಿ ಓಕ್ ಮರ ಮೇಲ್ಗಡೆ ಮಾತ್ರ, ಕೆಳಗೆ ಅಗ್ಗದ ಪೈನ್, ಸ್ಪ್ರೂಸ್. ಇವತ್ತು ಎಂಜಿನಿಯರ್ಡ್ ವುಡ್ ಅಂತ ಅಂಗಡಿಯಲ್ಲಿ ಮಾರೋದು ಇದನ್ನೇ.

ಆದ್ರೆ ಈ ಜಾಣತನಕ್ಕೆ ಒಂದು ಬೆಲೆ ಇದೆ. ಹಳೇ ಕಾಲದ ಗಟ್ಟಿ ಹಲಗೆ ಸುಮಾರು 20 ಮಿ.ಮೀ. ದಪ್ಪ. ಗೀರು ಬಿತ್ತಾ? ಉಜ್ಜಿ, ಮೆರುಗೆಣ್ಣೆ ಬಳಿದು ಮತ್ತೆ ಹೊಸದು ಮಾಡೋದು. ಅಜ್ಜ ಒಮ್ಮೆ, ಅಪ್ಪ ಒಮ್ಮೆ, ಮೊಮ್ಮಗ ಒಮ್ಮೆ. ಹೊಸ ನೆಲದಲ್ಲಿ ಓಕ್ ಇರೋದೇ 3-4 ಮಿ.ಮೀ., ಅಗ್ಗದ್ದರಲ್ಲಿ ಒಂದಕ್ಕಿಂತ ಕಡಿಮೆ. ಯಂತ್ರ ಹಾಕಿ ಉಜ್ಜಿದರೆ ಒಂದು ಸಲಕ್ಕೆ ಅರ್ಧದಿಂದ ಒಂದು ಮಿ.ಮೀ. ಹೋಗತ್ತೆ. ಲೆಕ್ಕ ನೀವೇ ಹಾಕಿ!

ನಾವು ಹಳೇ ಅಪಾರ್ಟ್‌ಮೆಂಟ್ ಕೊಂಡಾಗ ಹಾಲ್ ತುಂಬಾ ಕುರ್ಚಿ ಎಳೆದ ಗೀರುಗಳು. ಯಂತ್ರ ಬಾಡಿಗೆಗೆ ತರೋ ಮುಂಚೆ ಬಾಗಿಲ ಬುಡದ ಪಟ್ಟಿ ಬಿಚ್ಚಿ ನೋಡಿದ್ವಿ. ಹಲಗೆಯ ಅಂಚಲ್ಲಿ ಪದರಗಳು ಕೇಕಿನ ಹಾಗೆ ಕಾಣಿಸಿದ್ವು. ಓಕ್ ಉಳಿದಿದ್ದು ಎರಡೇ ಮಿ.ಮೀ. ಹಿಂದಿನವರು ಉಜ್ಜಿದ್ದಾರೆ ಅಂತ ಅರ್ಥ. ಇನ್ನೊಂದು ಸಲ ಜೋರಾಗಿ ಉಜ್ಜಿದರೆ ಅಲ್ಲಲ್ಲಿ ಪೈನ್ ಇಣುಕಿ ನೆಲವನ್ನೇ ಕಿತ್ತೆಸೆಯಬೇಕಿತ್ತು.

ಅದೃಷ್ಟಕ್ಕೆ ಹೆಚ್ಚಿನ ಗೀರುಗಳಿಗೆ ಉಗುರು ಸಿಕ್ಕಿಕೊಳ್ತಿರಲಿಲ್ಲ. ಅಂದ್ರೆ ಗಾಯ ಮರಕ್ಕಲ್ಲ, ಮೇಲಿನ ಲೇಪಕ್ಕೆ ಮಾತ್ರ. ಈ ಲೇಪಕ್ಕೂ ಒಂದು ಇತಿಹಾಸ ಇದೆ ನೋಡಿ. ಒಂದು ಕಾಲಕ್ಕೆ ಮರಕ್ಕೆ ಹೊಳಪು ಕೊಡ್ತಿದ್ದುದು ಷೆಲ್ಯಾಕ್, ಅಂದ್ರೆ ಹುಳದಿಂದ ಬರೋ ನಮ್ಮ ಅರಗು. ಚನ್ನಪಟ್ಟಣದ ಗೊಂಬೆಗೆ ಹಚ್ಚೋದೂ ಅದನ್ನೇ. ನೀರು ಬಿದ್ದರೆ ಅದು ಬಿಳಿಚಿಕೊಳ್ಳತ್ತೆ. 1937ರಲ್ಲಿ ಜರ್ಮನಿಯ ಓಟ್ಟೋ ಬೇಯರ್ ತಂಡ ಪಾಲಿಯುರೆಥೇನ್ ರಸಾಯನ ಕಂಡುಹಿಡಿದ ಮೇಲೆ ನಿಧಾನಕ್ಕೆ ನೆಲಗಳು ಅದರ ಪಾಲಾದವು. ನಾವು ನಯವಾದ ಸ್ಯಾಂಡ್ ಪೇಪರ್‌ನಿಂದ ಹಳೇ ಲೇಪವನ್ನ ಮಂಕು ಮಾಡಿ, ಧೂಳು ಒರೆಸಿ, ಎರಡು ಕೋಟ್ ಹೊಸ ವಾರ್ನಿಶ್ ಬಳಿದ್ವಿ. ನಾಲ್ಕೈದು ಆಳದ ಗೀರು ಹಾಗೇ ಉಳಿದಿವೆ. ಇರಲಿ ಬಿಡಿ, ಓಕ್ ಉಳೀತಲ್ಲ.

1941ರ ಆ ಉಪಾಯ ದುಬಾರಿ ಮರವನ್ನ ಉಳಿಸಿತು ನಿಜ, ಜೊತೆಗೆ ನೆಲಕ್ಕೊಂದು ಆಯಸ್ಸನ್ನೂ ಬರೆದಿಟ್ಟಿತು. ಅಂಗಡಿಯವರು ಬಣ್ಣ, ಹೊಳಪು ತೋರಿಸ್ತಾರೆ. ನೀವು ಮೇಲಿನ ಪದರ ಎಷ್ಟು ಮಿಲಿಮೀಟರ್ ಅಂತ ಕೇಳಿ. ಆ ಮನೇಲಿ ನಿಮ್ಮ ನಂತರ ಇರೋರಿಗೆ ನೀವು ಬಿಟ್ಟುಹೋಗೋದು ಅಷ್ಟೇ.